ನೀರುಕಾಗೆ ರೆಕ್ಕೆ ಬಿಚ್ಚಿ ನಿಲ್ಲುವುದೇಕೆ

ಆಗಿನ್ನೂ ಲೋಕದ ಹಸಿ ಆರಿರಲಿಲ್ಲ. ಬೆಟ್ಟಗಳು ತಮಗೆ ಹಿಡಿಸಿದ ಜಾಗ ಹುಡುಕಿ ಆಗತಾನೆ ಕೂತಿದ್ದವು. ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸಬೇಕು ಅನ್ನುವುದು ಗಾಳಿಗೆ ಇನ್ನೂ ರೂಢಿಯಾಗಿರಲಿಲ್ಲ. ಮನುಷ್ಯರು ಹಕ್ಕಿಗಳ ಜೊತೆ, ಹಕ್ಕಿಗಳು ನೀರಿನ ಜೊತೆ, ನೀರು ಎಲ್ಲರ ಜೊತೆ ಮಾತಾಡುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಒಂದು ಕೆರೆ ಇತ್ತು. ಯಾರೂ ಕಟ್ಟಿದ ಕೆರೆಯಲ್ಲ. ಭೂಮಿ ತಾನೇ ತಗ್ಗಿ, ಮಳೆ ತಾನೇ ತುಂಬಿ ಆದ ಕೆರೆ. ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತಿರಲಿಲ್ಲ. ಜನ ಅದನ್ನು ಹಿರಿಕೆರೆ ಅನ್ನುತ್ತಿದ್ದರು. ಪಡುವಣ ದಡದಲ್ಲಿ ಒಂದು ಕೇರಿ, ಮೂಡಣ ದಡದಲ್ಲಿ ಒಂದು ಕೇರಿ. ಎರಡು ಕೇರಿಯವರೂ ಮೀನು ಹಿಡಿಯುವವರು. ಹೆಣ್ಣು ಕೊಟ್ಟು, ಹೆಣ್ಣು ತಂದು ನೆಂಟರಾದವರು.

ಕೆರೆಯ ನಟ್ಟನಡುವೆ ಬಂಡೆಗಳಿದ್ದವು. ಒಂದು ಬಂಡೆ ಮಾತ್ರ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನೀರಿನ ಮೇಲೆ ಕಾಣುತ್ತಿತ್ತು. ಮಿಕ್ಕವೆಲ್ಲ ಅದರ ಸುತ್ತ, ನೀರಿಗಿಂತ ಒಂದು ಗೇಣು ಕೆಳಗೆ, ಚೂಪಾಗಿ ನಿಂತಿದ್ದವು. ಬಿಸಿಲಿದ್ದರೂ ಅವು ಕಾಣುತ್ತಿರಲಿಲ್ಲ. ಇನ್ನು ಮಂಜು ಇಳಿದರಂತೂ ಕರಿ ನೀರು ಯಾವುದು, ಕರಿ ಬಂಡೆ ಯಾವುದು ಅಂತಲೇ ತಿಳಿಯುತ್ತಿರಲಿಲ್ಲ. ದೋಣಿ ತಾಗಿದರೆ ಮುಗಿಯಿತು.

ಪಡುವಣ ಕೇರಿಯ ಸಂಕವ್ವನ ಗಂಡ ಹೋದದ್ದು ಹಾಗೆಯೇ. ಬೆಳಗ್ಗೆ ಬಲೆ ಹೆಗಲಿಗೆ ಹಾಕಿಕೊಂಡು ಹೋದವನು ಸಂಜೆಗೆ ಬರಲಿಲ್ಲ. ಒಡೆದ ಹಲಗೆ ಬಂತು, ಹುಟ್ಟು ಬಂತು, ಅವನು ಬರಲಿಲ್ಲ. ಆಗ ಸಂಕವ್ವನ ಸೊಂಟದ ಮೇಲೆ ಹಾಲು ಕುಡಿಯುವ ಮಗಳಿದ್ದಳು. ಹೆಸರು ಹೂವಿ.

ಸಂಕವ್ವ ಅತ್ತಳು. ಅತ್ತು ಮುಗಿದ ಮೇಲೆ ಮಗಳನ್ನು ಎತ್ತಿಕೊಂಡು ನೀರಿನ ಹತ್ತಿರ ಹೋದಳು.

“ಕೆರೆಯವ್ವ, ನಿನ್ನ ಬಂಡೆಗಳನ್ನ ಬೇರೆ ಎಲ್ಲಾದ್ರೂ ಇಟ್ಕೋ” ಅಂದಳು.

“ಅವು ನನ್ನ ಹಲ್ಲು ಕಣೇ” ಅಂದಿತು ಕೆರೆ. “ಹಲ್ಲು ಕಿತ್ತು ಬೇರೆ ಕಡೆ ಇಟ್ಕೊಳ್ಳೋಕಾಗುತ್ತಾ? ನಾನಾಗಿ ಯಾರನ್ನೂ ಕಚ್ಚೋದಿಲ್ಲ. ಅವು ಎಲ್ಲಿವೆ ಅಂತ ನೀವೇ ಗುರುತು ಮಾಡ್ಕೊಳ್ಳಿ.”

ಹಾಗಾಗಿ ಸಂಕವ್ವ ಗುರುತು ಹುಡುಕಿಕೊಂಡು ಹೊರಟಳು.

ಮೊದಲು ದಡದ ತಾಳೆಮರದ ಹತ್ತಿರ ಹೋದಳು. “ನೀನು ಎತ್ತರ ಇದ್ದೀಯ. ಕೆರೆ ನಡುವೆ ಬಂದು ನಿಂತ್ಕೋತೀಯಾ?”

“ಬರಿ ಕಲ್ಲಿನ ಮೇಲೆ ಬೇರು ಬಿಡೋದು ಹೇಗಮ್ಮ? ನಾನು ಇಲ್ಲೇ ನಿಂತಿರ್ತೀನಿ. ದಡ ಎಲ್ಲಿ ಅಂತ ನನ್ನ ನೋಡಿ ತಿಳ್ಕೊಳ್ಳಿ. ಬಂಡೆ ಎಲ್ಲಿ ಅಂತ ಹೇಳೋದು ನನ್ನಿಂದ ಆಗದು” ಅಂದಿತು ತಾಳೆಮರ.

ಆಮೇಲೆ ಬೆಳ್ಳಕ್ಕಿಯ ಹತ್ತಿರ ಹೋದಳು. “ನೀನು ಬೆಳ್ಳಗಿದ್ದೀಯ. ಮಂಜಲ್ಲೂ ಕಾಣ್ತೀಯ. ಆ ಕಲ್ಲಿನ ಮೇಲೆ ಕೂರ್ತೀಯಾ?”

“ನನಗೆ ದನಗಳ ಹಿಂದೆ ಓಡಾಡೋ ಕೆಲಸ ಇದೆ” ಅಂತ ಬೆಳ್ಳಕ್ಕಿ ಹಾರಿಹೋಯಿತು.

ಕೊನೆಗೆ ಅವಳು ಬೆಳ್ಳಗರಿಯ ಹತ್ತಿರ ಹೋದಳು. ಬೆಳ್ಳಗರಿ ಅಂದರೆ ಆ ಕೆರೆಯಲ್ಲೇ ಇದ್ದ ಒಂದು ಹಕ್ಕಿ. ಉದ್ದ ಕತ್ತು, ತುದಿ ಬಾಗಿದ ಕೊಕ್ಕು. ಮೈಯೆಲ್ಲ ಹಾಲಿನ ಬಣ್ಣ. ಅದರ ಗರಿಗೆ ನೀರು ಅಂಟುತ್ತಲೇ ಇರಲಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರಿ ಹೋಗುತ್ತಿತ್ತು. ನೀರಿನ ಮೇಲೆ ತೇಲುತ್ತಾ, ಮೇಲಕ್ಕೆ ಬಂದ ಮೀನನ್ನು ಹಿಡಿದು ತಿನ್ನುತ್ತಾ ಅದು ಸುಖವಾಗಿತ್ತು.

ಬೆಳ್ಳಗರಿ ಸಂಕವ್ವನ ಮಾತನ್ನು ಪೂರ್ತಿ ಕೇಳಿತು. ಹೂವಿಯ ಮುಖ ನೋಡಿತು.

“ಕೂರ್ತೀನಿ ಅಕ್ಕ” ಅಂದಿತು. “ಆದರೆ ಬೆಳಕು ಹರಿದಾಗಿಂದ ಕತ್ತಲಾಗೋವರೆಗೂ ದೋಣಿಗಳು ಓಡಾಡ್ತವೆ. ನಾನು ಕಲ್ಲು ಬಿಟ್ಟು ಏಳೋ ಹಾಗಿಲ್ಲ. ಕತ್ತಲಲ್ಲಿ ನನಗೆ ಮೀನು ಕಾಣೋದಿಲ್ಲ. ಹೊಟ್ಟೆಗೆ ಏನು ಮಾಡಲಿ?”

“ಹಾಯ್ದು ಹೋಗೋ ಪ್ರತಿ ದೋಣಿಯವರೂ ನಿನಗೆ ಒಂದು ಮೀನು ಕೊಡ್ತಾರೆ.”

“ಕೊಡ್ತಾರಾ?”

“ಕೊಡ್ತಾರೆ. ಮಾತು ನನ್ನದು” ಅಂದಳು ಸಂಕವ್ವ.

ಅವಳು ಕೇರಿಗೆ ಬಂದು ಯಜಮಾನನಿಗೆ ಹೇಳಿದಳು. ಯಜಮಾನ ಮಾಚಯ್ಯ ಅವಳ ಗಂಡನ ಅಣ್ಣನೇ. ತಮ್ಮನನ್ನು ಕಳೆದುಕೊಂಡ ದುಃಖ ಅವನಿಗೂ ಇತ್ತು. “ಒಂದು ಮೀನು ಏನು ದೊಡ್ಡದು, ಕೊಡೋಣ” ಅಂದ. ಮೂಡಣ ಕೇರಿಯವರೂ ಒಪ್ಪಿದರು.

ಮಾರನೆಯ ಬೆಳಗ್ಗೆಯೇ ಬೆಳ್ಳಗರಿ ಬಂಡೆ ಏರಿ ಕೂತಿತು. ಎಂಥ ಮಂಜಿನಲ್ಲೂ ಅಲ್ಲೊಂದು ಬೆಳ್ಳನೆಯ ಗುರುತು ಕಾಣುತ್ತಿತ್ತು. ಹಕ್ಕಿಯನ್ನು ಎಡಕ್ಕೆ ಬಿಟ್ಟು ಹೋದರೆ ಮೂಡಣ ಕೇರಿ, ಬಲಕ್ಕೆ ಬಿಟ್ಟು ಬಂದರೆ ಪಡುವಣ ಕೇರಿ. ದೋಣಿಯವರು ಒಂದು ಮೀನು ಎಸೆಯುತ್ತಿದ್ದರು. ಹಕ್ಕಿ ಕತ್ತು ಚಾಚಿ ಹಿಡಿಯುತ್ತಿತ್ತು. ಹೋದ ದೋಣಿಗಳೆಲ್ಲ ವಾಪಸು ಬಂದವು. ಕೇರಿಯಲ್ಲಿ ಒಡೆದ ದೋಣಿಯ ಮಾತೇ ಮರೆತುಹೋಯಿತು.

ಹೂವಿ ಬೆಳೆದಳು. ಅಮ್ಮನ ಜೊತೆ ದೋಣಿಯಲ್ಲಿ ಕೂತು ಹೋಗುವಾಗ ಮೀನು ಎಸೆಯುವ ಕೆಲಸ ಅವಳದೇ. “ಮಾವ, ಹಿಡ್ಕೋ!” ಅನ್ನುತ್ತಿದ್ದಳು. ಹಕ್ಕಿ ಸಂಕವ್ವನನ್ನು ಅಕ್ಕ ಅನ್ನುತ್ತಿತ್ತಲ್ಲ, ಅದಕ್ಕೆ ಅವಳಿಗೆ ಅದು ಮಾವ. ವಯಸ್ಸಿಗೆ ಬಂದಾಗ ಅವಳನ್ನು ಮೂಡಣ ಕೇರಿಗೇ ಮದುವೆ ಮಾಡಿಕೊಟ್ಟರು.

ಅಷ್ಟು ಹೊತ್ತಿಗೆ ಜನ ಬದಲಾಗಿದ್ದರು. ಬಂಡೆಗೆ ತಾಗಿ ಸತ್ತವರನ್ನು ನೋಡಿದವರು ಮುದುಕರಾದರು. ನೋಡದವರು ದೋಣಿ ನಡೆಸತೊಡಗಿದರು. ದೊಡ್ಡ ಮೀನು ಎಸೆಯುತ್ತಿದ್ದವರು ಸಣ್ಣ ಮೀನು ಎಸೆದರು. ಸಣ್ಣ ಮೀನು ಎಸೆಯುತ್ತಿದ್ದವರು ಕೊಳೆತ ಮೀನು ಎಸೆದರು. ಆಮೇಲೆ ಮೀನಿನ ತಲೆ, ಆಮೇಲೆ ಬರೀ ಬಾಲ. ಆಮೇಲೆ ಒಬ್ಬರು, “ಹಿಂದೆ ಬರೋರು ಕೊಡ್ತಾರೆ ಬಿಡು” ಅಂದರು. ಹಿಂದೆ ಬಂದವರು, “ಮುಂದೆ ಹೋದೋರು ಕೊಟ್ಟಿರ್ತಾರೆ ಬಿಡು” ಅಂದರು.

ಸಂಕವ್ವ ತಪ್ಪಿಸಲಿಲ್ಲ. ಆದರೆ ಅವಳ ತೋಳಿನ ಕಸುವು ಕಮ್ಮಿಯಾಗಿತ್ತು. ಅವಳು ದೋಣಿ ಇಳಿಸುವುದೇ ಅಪರೂಪವಾಯಿತು.

ಒಂದು ದಿನ ಅವಳು ಹೋದಾಗ ಬೆಳ್ಳಗರಿಯ ಎದೆಯ ಮೂಳೆ ಎದ್ದು ಕಾಣುತ್ತಿತ್ತು.

“ಅಕ್ಕ, ಯಾರೂ ಕೊಡ್ತಿಲ್ಲ” ಅಂದಿತು ಅದು. “ನನಗೆ ಕಣ್ಣು ಕತ್ತಲೆ ಬರುತ್ತೆ. ನೀನು ಮಾತು ಕೊಟ್ಟಿದ್ದೆ.”

ಸಂಕವ್ವನಿಗೆ ಮುಖ ಎತ್ತುವುದಕ್ಕಾಗಲಿಲ್ಲ. ಕೆರೆಯ ಹಲ್ಲುಗಳ ನಡುವೆ ಮೆಲ್ಲಗೆ ದೋಣಿ ತೂರಿಸಿ, ತನ್ನ ಬುಟ್ಟಿಯ ಮೀನನ್ನೆಲ್ಲ ಬಂಡೆಯ ಮೇಲೆ ಸುರಿದು, ನೇರ ಮಾಚಯ್ಯನ ಹತ್ತಿರ ಹೋದಳು. ಅವನು ಮರದಡಿ ನಾಲ್ಕು ಜನರ ಜೊತೆ ಬಲೆ ಹೊಲಿಯುತ್ತಾ ಕೂತಿದ್ದ.

“ಭಾವ, ಹಕ್ಕಿ ಉಪವಾಸ ಇದೆ.”

“ರೆಕ್ಕೆ ಇಲ್ವಾ ಅದಕ್ಕೆ? ಹಿಡ್ಕೊಂಡು ತಿನ್ನಲಿ.”

“ಹಿಡಿಯೋಕೆ ಹೋದ್ರೆ ಕಲ್ಲು ಬಿಡಬೇಕು. ಕಲ್ಲು ಬಿಟ್ರೆ ನಮ್ಮ ಗತಿ?”

ಮಾಚಯ್ಯ ನಕ್ಕ. “ಎಲ್ಲಿ ಬಿಡುತ್ತೆ? ಇಷ್ಟು ವರ್ಷ ಕೂತು ಕೂತು ಅದಕ್ಕೆ ಅಭ್ಯಾಸ ಆಗಿಹೋಗಿದೆ. ಕೊಟ್ಟರೂ ಕೂರುತ್ತೆ, ಕೊಡದಿದ್ದರೂ ಕೂರುತ್ತೆ.”

ಕೂತವರೂ ನಕ್ಕರು. ಸಂಕವ್ವನಿಗೆ ಇನ್ನೊಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೂವಿಯ ಮದುವೆ ನಿಂತು ಮಾಡಿಸಿದವನು ಮಾಚಯ್ಯ. ಅವಳ ಮನೆಯ ಸೂರು ಹೊದಿಸಿ ಕೊಡುವವನೂ ಅವನೇ. ಅವಳು ಮಾತು ನುಂಗಿಕೊಂಡು ಮನೆಗೆ ಬಂದಳು. ಮತ್ತೆ ಕೇಳಲಿಲ್ಲ.

ಚಳಿಗಾಲ ಬಂತು. ಹೂವಿ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ, ತವರಿಗೆ ಬರಬೇಕು. ಸಂಕವ್ವ ಮನೆ ಸಾರಿಸಿದಳು. ಹಳೆಯ ಸೀರೆಯನ್ನು ಒಗೆದು ಒಗೆದು ಮೆತ್ತಗೆ ಮಾಡಿ ತೊಟ್ಟಿಲಿಗೆ ಕಟ್ಟಿದಳು. ಬಾಣಂತಿಗೆ ಅಂತ ಬೆಳ್ಳುಳ್ಳಿ ಕೂಡಿಟ್ಟಳು. ಬರುವ ದಿನ ಬೆಳಗ್ಗೆ ಹಂಡೆಗೆ ನೀರು ತುಂಬಿ, ಒಲೆ ಹಚ್ಚಿ, ದಡಕ್ಕೆ ಬಂದು ನಿಂತಳು.

ಅವತ್ತು ಕೆರೆಯ ಮೇಲೆ ಹತ್ತಿ ಹರವಿದ ಹಾಗೆ ಮಂಜು. ಹಿಂದಿನ ಕಾಲವಾಗಿದ್ದರೆ ಅಂಥ ದಿನ ಯಾರೂ ದೋಣಿ ಇಳಿಸುತ್ತಿರಲಿಲ್ಲ. ಈಗ ಯಾರಿಗೂ ಹೆದರಿಕೆ ಇರಲಿಲ್ಲ. ಮಂಜಿದ್ದರೇನು, ಹಕ್ಕಿ ಇದೆಯಲ್ಲ. ಹೂವಿಯ ಮೈದುನ ಅತ್ತಿಗೆಯನ್ನು ದೋಣಿಯಲ್ಲಿ ಕೂರಿಸಿಕೊಂಡು ಹಾಡು ಹೇಳಿಕೊಳ್ಳುತ್ತಾ ಹುಟ್ಟು ಹಾಕುತ್ತಿದ್ದ.

ಬಂಡೆಯ ಮೇಲೆ ಬೆಳ್ಳಗರಿ ಕೂತೇ ಇತ್ತು. ಅದು ತಿಂದು ಎಷ್ಟೋ ದಿನವಾಗಿತ್ತು. ಆಗ ಎದುರಿನ ನೀರಿನಲ್ಲಿ ಒಂದು ಮೀನು ಪಳಕ್ಕನೆ ಹೊಳೆಯಿತು. ಕೂಗಳತೆಯಲ್ಲಿ ಕೂಡ ಅಲ್ಲ, ಇಲ್ಲೇ, ಕಾಲ ಬುಡದಲ್ಲಿ. ಹಕ್ಕಿ ಮಂಜಿನೊಳಗೆ ಕಿವಿಯಿಟ್ಟು ಕೇಳಿತು. ಯಾವ ದೋಣಿಯ ಸದ್ದೂ ಇರಲಿಲ್ಲ. ಅದು ಬಂಡೆ ಬಿಟ್ಟು ನೀರಿಗೆ ಹಾರಿತು.

ಮೀನು ಮುಂದೆ ಹೋಯಿತು. ಹಕ್ಕಿ ಹಿಂದೆ ಹಿಂದೆಯೇ ದೂರ ಹೋಯಿತು.

ಅಷ್ಟರಲ್ಲಿ ಹೂವಿಯ ದೋಣಿ ಬಂತು. ಮೈದುನ ಮಂಜಿನಲ್ಲಿ ಬೆಳ್ಳಗಿನ ಗುರುತು ಹುಡುಕಿದ. ಕಾಣಲಿಲ್ಲ. ಬಂಡೆ ಇನ್ನೂ ದೂರ ಇದೆ ಅಂದುಕೊಂಡು ಜೋರಾಗಿ ಹುಟ್ಟು ಹಾಕಿದ. ದೋಣಿ ಕೆರೆಯ ಹಲ್ಲಿಗೆ ತಾಗಿ, ಕುಂಬಳಕಾಯಿಯ ಹಾಗೆ ಒಡೆಯಿತು.

ಮೈದುನ ಈಜಿ ಬಂಡೆ ಹತ್ತಿದ. ತುಂಬಿದ ಬಸುರಿ ಹೂವಿಗೆ ಈಜಲಾಗಲಿಲ್ಲ.

ಸದ್ದು ಕೇಳಿ ಬೆಳ್ಳಗರಿ ಬಾಯಲ್ಲಿದ್ದ ಮೀನು ಬಿಟ್ಟು ಹಾರಿ ಬಂತು. ಮುಳುಗಿತು. ಆದರೆ ಅದರ ಗರಿಗೆ ನೀರು ಅಂಟುವುದಿಲ್ಲವಲ್ಲ, ನೀರು ಅದನ್ನು ಬೆಂಡಿನ ಹಾಗೆ ಮೇಲಕ್ಕೆ ಎಸೆಯಿತು. ಮತ್ತೆ ಮುಳುಗಿತು. ಮತ್ತೆ ಎಸೆಯಿತು.

“ಕೆರೆಯವ್ವ, ನನ್ನ ಒಳಗೆ ಬಿಡು!” ಅಂತ ಹಕ್ಕಿ ಕಿರುಚಿತು.

“ಆ ಗರಿಯ ಜಿಡ್ಡು ಇರೋವರೆಗೂ ನಿನ್ನ ಬಿಡೋಕೆ ನನ್ನಿಂದ ಆಗಲ್ಲ” ಅಂದಿತು ಕೆರೆ.

ಬೆಳ್ಳಗರಿ ಬಂಡೆಯ ಅಂಚಿಗೆ ಮೈ ಉಜ್ಜಿತು. ರೆಕ್ಕೆ ಉಜ್ಜಿತು, ಎದೆ ಉಜ್ಜಿತು, ಗರಿಯ ಜಿಡ್ಡೆಲ್ಲ ಹೋಗಿ ರಕ್ತ ಬರುವವರೆಗೂ ಉಜ್ಜಿತು. ಆಮೇಲೆ ಮುಳುಗಿತು. ಈ ಸಲ ನೀರು ಗರಿಯೊಳಗೆ ನುಗ್ಗಿ ಅದನ್ನು ಕಲ್ಲಿನ ಹಾಗೆ ಕೆಳಗೆ ಎಳೆದುಕೊಂಡಿತು. ತಳದ ಕರಿ ಕೆಸರಿನಲ್ಲಿ ಅದು ತಡಕಾಡಿತು. ಹೂವಿಯ ಸೆರಗು ಸಿಕ್ಕಿತು. ಕೊಕ್ಕಿನಲ್ಲಿ ಕಚ್ಚಿ ಎಳೆಯಿತು. ಉಸಿರು ಕಟ್ಟಿ ಮೇಲೆ ಬಂದು, ಮತ್ತೆ ಹೋಗಿ ಎಳೆಯಿತು.

ದಡದಲ್ಲಿ ನಿಂತಿದ್ದ ಸಂಕವ್ವನಿಗೆ ಸುದ್ದಿ ತಂದದ್ದು ಗಾಳಿ. ಅದು ಅವಳ ಸೆರಗು ಹಿಡಿದು, “ಬಾ, ಬೇಗ ಬಾ” ಅಂದಿತು. ಏನು ಅಂತ ಹೇಳಲಿಲ್ಲ. ಮಾಚಯ್ಯನ ದೋಣಿಯಲ್ಲಿ, ಗಾಳಿ ತೋರಿಸಿದ ದಾರಿ ಹಿಡಿದು ಅವಳು ಹೋಗುವಷ್ಟರಲ್ಲಿ ಹೂವಿ ಬಂಡೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಹಕ್ಕಿ ನಿಂತಿತ್ತು. ಅದರ ಮೈಮೇಲೆ ಒಂದೂ ಬಿಳಿ ಗರಿ ಕಾಣುತ್ತಿರಲಿಲ್ಲ. ತಲೆಯಿಂದ ಬಾಲದವರೆಗೂ ಕರಿ ಕೆಸರು. ರೆಕ್ಕೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಂಕವ್ವ ಮಗಳ ಕೆನ್ನೆ ಮುಟ್ಟಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಅಲ್ಲೂ ಏನೂ ಮಿಸುಕಲಿಲ್ಲ.

“ಹಕ್ಕಿ ಕಲ್ಲಿನ ಮೇಲೆ ಇರಲಿಲ್ಲ” ಅಂದ ಮೈದುನ, ನಡುಗುತ್ತಾ.

“ಕೇಳಿದೆಯಾ?” ಅಂದ ಮಾಚಯ್ಯ. “ಇರಲಿಲ್ಲವಂತೆ. ನಂಬಿಸಿ ಕತ್ತು ಕೊಯ್ದುಬಿಡ್ತು.”

“ಹಸಿವಾಗಿತ್ತು ಅಕ್ಕ” ಅಂದಿತು ಹಕ್ಕಿ. “ಒಂದೇ ಒಂದು ಮೀನಿಗೆ ಹೋದೆ.”

ಸಂಕವ್ವನಿಗೆ ಗೊತ್ತಿತ್ತು. ಅದು ಎಷ್ಟು ದಿನದಿಂದ ಹಸಿದಿತ್ತು ಅಂತ ಗೊತ್ತಿತ್ತು. ಯಾರು ಕೊಡಲಿಲ್ಲ ಅಂತ ಗೊತ್ತಿತ್ತು. ಮಾತು ಕೊಟ್ಟವರು ಯಾರು ಅಂತಲೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಅವಳು ಮಾಚಯ್ಯನ ಕಡೆ ತಿರುಗಲಿಲ್ಲ. ಹಕ್ಕಿಯ ಕಡೆ ತಿರುಗಿದಳು.

“ಹೀಗೇ ಇರು!” ಅಂದಳು. “ಈ ಕರಿ ನಿನ್ನ ಮೈ ಬಿಟ್ಟು ಹೋಗದಿರಲಿ. ನಿನ್ನ ಗರಿಯ ಜಿಡ್ಡು ತಿರುಗಿ ಬಾರದಿರಲಿ. ನೀರಿಗಿಳಿದಾಗೆಲ್ಲ ನೆನೆ. ನೆನೆದಾಗೆಲ್ಲ ನಡುಗು.”

ಆ ಕಾಲದಲ್ಲಿ ಮಾತು ಹೊಸದಾಗಿತ್ತು. ಆಡಿದ್ದು ಆಗಿಬಿಡುತ್ತಿತ್ತು.

ಕೆಸರು ಹಕ್ಕಿಯ ಗರಿಯೊಳಗೆ ಇಳಿದು ಬಣ್ಣವಾಯಿತು. ಅದು ಒಂದು ಸಲ ಸಂಕವ್ವನ ಮುಖ ನೋಡಿತು. ಅವತ್ತಿನಿಂದ ಅದು ಮನುಷ್ಯರ ಜೊತೆ ಮಾತಾಡಲಿಲ್ಲ.

ಆದರೆ ಅದು ಬಂಡೆ ಬಿಟ್ಟು ಹೋಗಲಿಲ್ಲ. ಹಸಿವಾದಾಗ ಮುಳುಗಿ ಮೀನು ಹಿಡಿಯುತ್ತಿತ್ತು. ಮೇಲೆ ಬಂದು, ನೆನೆದ ರೆಕ್ಕೆಗಳನ್ನು ಎರಡೂ ಕಡೆಗೆ ಬಿಚ್ಚಿ ಬಿಸಿಲಿಗೆ ಹಿಡಿದು ನಿಲ್ಲುತ್ತಿತ್ತು. ಒಣಗುವುದರೊಳಗೆ ಮತ್ತೆ ಹಸಿವಾಗುತ್ತಿತ್ತು. ಕರಿ ಬಂಡೆಯ ಮೇಲೆ ಕರಿ ಹಕ್ಕಿ. ಮಂಜಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಜನ ಅದಕ್ಕೆ ಬೆಳ್ಳಗರಿ ಅನ್ನುವುದನ್ನು ಬಿಟ್ಟು ನೀರುಕಾಗೆ ಅನ್ನತೊಡಗಿದರು.

ಆ ಚಳಿಗಾಲದಲ್ಲೇ ಇನ್ನೊಂದು ದೋಣಿ ಒಡೆಯಿತು. ಅದರ ಹಿಂದೆ ಮತ್ತೊಂದು.

ಆಗ ಮಾಚಯ್ಯ ಸಂಕವ್ವನ ಮನೆ ಬಾಗಿಲಿಗೆ ಬಂದ. ತೊಟ್ಟಿಲಿನ ಸೀರೆ ಇನ್ನೂ ತೊಲೆಯಲ್ಲಿ ಹಾಗೇ ನೇತಾಡುತ್ತಿತ್ತು. ಅವನು ಅದರ ಕಡೆ ನೋಡಲಿಲ್ಲ.

“ಸಂಕವ್ವ, ಕೇರಿ ಉಳೀಬೇಕು. ನೀನು ಆಡಿದ ಮಾತು ನೀನೇ ಹಿಂದಕ್ಕೆ ತಗೋ. ಹಕ್ಕಿ ಬೆಳ್ಳಗಾಗಲಿ.”

“ಹೋಗಿ ಹೇಳಿದೆ ಭಾವ. ದಿನಾ ಹೇಳಿದೆ. ಆಗಲಿಲ್ಲ. ಮಾತಿಗೆ ಹೋಗೋಕೆ ದಾರಿ ಇದೆ, ಬರೋಕೆ ದಾರಿ ಇಟ್ಟಿಲ್ಲ.”

“ಅಷ್ಟು ಕೆಟ್ಟ ಮಾತು ಯಾಕೆ ಆಡಬೇಕಿತ್ತು?”

ಸಂಕವ್ವ ಅವನನ್ನು ನೆಟ್ಟಗೆ ನೋಡಿದಳು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ್ದು ಅದೇ ಮೊದಲು.

“ನಿಮಗೆ ಹಾಕಬೇಕಾದ ಶಾಪ ಅದಕ್ಕೆ ಹಾಕಿದೆ ಭಾವ” ಅಂದಳು. “ನಿಮಗೆ ಹಾಕಿದ್ರೆ ದಿನಾ ನಿಮ್ಮ ಮುಖ ನೋಡಬೇಕಿತ್ತು. ಈ ಕೇರಿಲಿ ಬದುಕಬೇಕಿತ್ತು. ಅದಕ್ಕೆ ಯಾರಿದ್ರು? ಒಂಟಿ ಹಕ್ಕಿ. ಕೇಳೋರಿಲ್ಲ.”

ಮಾಚಯ್ಯ ಬಾಗಿಲಿಂದಲೇ ತಿರುಗಿ ಹೋದ. ಮಾರನೆಯ ವರ್ಷ ಅವಳ ಸೂರು ಹೊದಿಸಲು ಯಾರೂ ಬರಲಿಲ್ಲ.

ಸಂಕವ್ವ ಚಿಪ್ಪು ಸುಟ್ಟು ಸುಣ್ಣ ಮಾಡಿದಳು. ದೋಣಿಯಲ್ಲಿ ಹೊತ್ತುಕೊಂಡು ಹೋಗಿ, ಮೊಣಕಾಲೂರಿ, ಕರಿ ಬಂಡೆಗೆ ಬಳಿದಳು. ಹಕ್ಕಿ ಬಂಡೆಯ ಆ ತುದಿಗೆ ಸರಿದು ನಿಂತು ನೋಡುತ್ತಿತ್ತು. ಸಂಜೆಯ ಅಲೆ ಬಂದು ಹಸಿ ಸುಣ್ಣವನ್ನು ತೊಳೆದುಕೊಂಡು ಹೋಯಿತು. ಅವಳು ಮತ್ತೆ ಸುಟ್ಟಳು, ಮತ್ತೆ ಬಳಿದಳು. ಕೆರೆ ಮತ್ತೆ ತೊಳೆಯಿತು. ಅವಳ ಅಂಗೈಯ ಚರ್ಮ ಸುಲಿದುಹೋಯಿತು. ಕೊನೆಗೆ ಹುಟ್ಟು ಹಿಡಿಯುವುದಕ್ಕೂ ಆಗದೆ ಮನೆಯಲ್ಲೇ ಉಳಿದಳು.

ಕೈ ವಾಸಿಯಾಗಿ ಅವಳು ಮತ್ತೆ ಹೋಗುವಷ್ಟರಲ್ಲಿ ಬಂಡೆ ಬೆಳ್ಳಗಾಗಿತ್ತು.

ಸುಣ್ಣದಿಂದಲ್ಲ, ಹಕ್ಕಿಯ ಹಿಕ್ಕೆಯಿಂದ. ಮೈಯಲ್ಲಿ ಬಿಳಿ ಅನ್ನುವುದು ಒಂದೂ ಉಳಿಯದ ಹಕ್ಕಿ, ಇದ್ದಷ್ಟು ಬಿಳಿಯನ್ನು ಹಿಂದಿನಿಂದ ಪಿಚಕ್ಕನೆ ಬಂಡೆಯ ಮೇಲೆ ಬಿಡುತ್ತಿತ್ತು. ನೆತ್ತಿಯಿಂದ ನೀರಿನ ಅಂಚಿನವರೆಗೂ ಗೆರೆಗೆರೆಯಾಗಿ ಇಳಿದು ಅದು ಒಣಗಿ ಅಂಟಿಕೊಂಡಿತ್ತು. ಅಲೆ ಬಡಿದಷ್ಟೂ ಹಕ್ಕಿ ಹೊಸದಾಗಿ ಬಳಿಯುತ್ತಿತ್ತು. ಮಂಜಿನಲ್ಲೂ ಬಂಡೆ ದೂರದಿಂದ ಕಾಣುತ್ತಿತ್ತು. ಕರುಣೆಯಿಂದ ಮಾಡಿತೋ, ನಿಮಗೆ ಇಷ್ಟು ಸಾಕು ಅಂತ ಮಾಡಿತೋ, ಹಕ್ಕಿ ಹೇಳಲಿಲ್ಲ.

ದೋಣಿಗಳು ಒಡೆಯುವುದು ನಿಂತಿತು. ದೋಣಿಯವರು ಬಂಡೆ ನೋಡಿ ದಾರಿ ತಿಳಿದುಕೊಂಡರು. “ಥೂ, ಏನು ನಾತ!” ಅಂತ ಮೂಗು ಮುಚ್ಚಿಕೊಂಡು ದೋಣಿಯನ್ನು ಆಚೆಗೆ ತಿರುಗಿಸಿಕೊಂಡರು. ಯಾರೂ ಮೀನು ಎಸೆಯಲಿಲ್ಲ.

ಸಂಕವ್ವ ಮಾತ್ರ ಕೈಲಾಗುವವರೆಗೂ ಒಂದು ಮೀನು ತಂದು ಬಂಡೆಯ ಮೇಲೆ ಇಡುತ್ತಿದ್ದಳು. ಹಕ್ಕಿ ಮುಟ್ಟುತ್ತಿರಲಿಲ್ಲ. ಅವಳು ದೂರ ಹೋದ ಮೇಲೂ ಮುಟ್ಟುತ್ತಿರಲಿಲ್ಲ. ಹದ್ದು ಬಂದು ಎತ್ತಿಕೊಂಡು ಹೋಗುತ್ತಿತ್ತು.

ಅವಳು ಕೊನೆಯ ಸಲ ಹೋದಾಗ ದೋಣಿಯನ್ನು ಬಂಡೆಗೆ ಆನಿಸಿ ಕೂತಳು.

“ನಾನು ಕ್ಷಮೆ ಕೇಳೋಕೆ ಬಂದಿಲ್ಲ” ಅಂದಳು. “ಒಂದು ಮಾತು ಹೇಳು ಸಾಕು. ಕೆಳಗೆ ನೀನು ಅವಳನ್ನ ಮುಟ್ಟಿದಾಗ, ಹೂವಿಗೆ ಜೀವ ಇತ್ತಾ? ನೀನು ಬಂದದ್ದು ಅವಳಿಗೆ ಗೊತ್ತಾಯ್ತಾ?”

ಲೋಕದಲ್ಲಿ ಅದು ಗೊತ್ತಿದ್ದದ್ದು ಒಂದು ಜೀವಕ್ಕೆ ಮಾತ್ರ. ಆ ಜೀವ ಎರಡೂ ರೆಕ್ಕೆ ಬಿಚ್ಚಿ, ಬಿಸಿಲಿನ ಕಡೆ ಮುಖ ಮಾಡಿ ನಿಂತಿತ್ತು. ಗಂಟಲಿನಲ್ಲಿ ಗರಗರ ಅಂದಿತು, ಅಷ್ಟೇ. ಸಂಕವ್ವ ಹುಟ್ಟು ಹಾಕಿಕೊಂಡು ದಡಕ್ಕೆ ಬಂದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ನೀವು ದೋಣಿಯಲ್ಲಿ ದೊಡ್ಡ ಕೆರೆ ದಾಟುವಾಗ ನಡುನೀರಿನಲ್ಲಿ ಸುಣ್ಣ ಸುರಿದಂಥ ಬಂಡೆಯೊಂದು ಕಾಣುತ್ತದೆ, ಅದರ ಮೇಲೆ ಕರಿ ನೀರುಕಾಗೆ ಎಂದೂ ಪೂರ್ತಿ ಆರದ ರೆಕ್ಕೆಗಳನ್ನು ಬಿಸಿಲಿಗೆ ಹಿಡಿದು ನಿಂತಿರುತ್ತದೆ, ಮತ್ತು ಅಂಬಿಗ ಅದನ್ನು ನೋಡಿ ದೋಣಿ ತಿರುಗಿಸಿಕೊಂಡು ಹೋದರೂ ಹಕ್ಕಿ ಮಾತ್ರ ಅವನ ಕಡೆ ತಿರುಗಿ ನೋಡುವುದಿಲ್ಲ.